ದೇವಿಮನೆ ಘಟ್ಟದಲ್ಲಿ ನಿಲ್ಲುತ್ತಿದ್ದ ಪದ್ಮಿನಿ

ಶಿರಸಿಯಿಂದ ಕುಮಟೆಗೆ ಇಳಿಯುವಾಗ ನಮ್ಮ ಪದ್ಮಿನಿ ಕಾರಿಗೆ ಯಾವ ತಕರಾರೂ ಇರಲಿಲ್ಲ. ತಿರುಗಿ ಬರುವಾಗಲೇ ಅದರ ಆಟ. ಕತಗಾಲ ದಾಟಿ, ದೇವಿಮನೆ ಘಟ್ಟದಲ್ಲಿ ಎರಡನೇ ಗೇರಿಗೆ ಬಿದ್ದ ಮೇಲೆ ನಾಲ್ಕೈದು ತಿರುವು ಹತ್ತುವಷ್ಟರಲ್ಲಿ ಎರಡು ಸಲ ಮುಗ್ಗರಿಸಿ ನಿಂತುಬಿಡುತ್ತಿತ್ತು. ಸೆಲ್ಫ್ ಹೊಡೆದರೆ ಎಂಜಿನ್ ಗರಗರ ತಿರುಗುತ್ತದೆ, ಹಿಡಿಯುವುದಿಲ್ಲ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಇಪ್ಪತ್ತು ನಿಮಿಷ ಕಾದರೆ, ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ಅರ್ಧ ಸೆಲ್ಫಿಗೆ ಚಾಲೂ.

ಅಪ್ಪಯ್ಯ 1984ರಲ್ಲಿ ಕೊಂಡ ಗಾಡಿ. 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲಿ ಗೇರು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್, ಬ್ಯಾಟರಿಯ ಕರೆಂಟನ್ನು ಪ್ಲಗ್ಗಿನ ಕಿಡಿಗೆ ಬೇಕಾದಷ್ಟು ಏರಿಸುವ ಕಾಯಿಲು, ಕಾಯಿಲಿನ ಕರೆಂಟನ್ನು ಕೊಟ್ಟು ಕಡಿಯುವ ಪಾಯಿಂಟು, ಪಾಯಿಂಟಿನಲ್ಲೇ ಕಿಡಿ ಹಾರದಂತೆ ತಡೆಯುವ ಕಂಡೆನ್ಸರು. ಕಂಪ್ಯೂಟರ್ ಎನ್ನುವುದರ ವಾಸನೆಯೂ ಇಲ್ಲ. ಅಂದ ಮೇಲೆ ಹುಡುಕುವುದು ಸುಲಭ ಎಂದುಕೊಂಡಿದ್ದೆ. ಎರಡು ತಿಂಗಳು ಹಿಡಿಯಿತು.

ಗ್ಯಾರೇಜಿಗೆ ಒಯ್ದಾಗೆಲ್ಲ ಗಾಡಿ ಚೆನ್ನಾಗಿಯೇ ಇರುತ್ತಿತ್ತು. ಘಟ್ಟದಲ್ಲಿ ನಿಂತದ್ದು ಶಿರಸಿ ಮುಟ್ಟುವಾಗ ತಣ್ಣಗಾಗಿರುತ್ತದಲ್ಲ. ಪಾಪ ಮಿಸ್ತ್ರಿ ಏನು ನೋಡುತ್ತಾನೆ? ಮೊದಲ ಸಲ ಕಾರ್ಬೊರೇಟರ್ ಬಿಚ್ಚಿ ತೊಳೆದುಕೊಟ್ಟ. ಎರಡನೇ ಸಲ ಪ್ಲಗ್ಗು, ಪಾಯಿಂಟು. ಮೂರನೇ ಸಲ ಪೆಟ್ರೋಲ್ ಫಿಲ್ಟರ್. ಊರಲ್ಲಿ ಗಾಡಿ ಓಡಿಸಿ ನೋಡಿದರೆ ಪ್ರತಿ ಸಲವೂ ಪಾಸು, ಘಟ್ಟದಲ್ಲಿ ಪ್ರತಿ ಸಲವೂ ನಪಾಸು.

ಇನ್ನು ಹಳಬರ ಮದ್ದು ಒದ್ದೆ ಬಟ್ಟೆ. ಪದ್ಮಿನಿ, ಅಂಬಾಸಿಡರ್ ಓಡಿಸಿದವರಿಗೆಲ್ಲ ಇದು ಗೊತ್ತು. ಎಂಜಿನ್ನಿನ ಕಾವಿಗೆ ಎಸಿ ಪಂಪಿನೊಳಗೆ, ಅಂದರೆ ಟ್ಯಾಂಕಿನಿಂದ ಪೆಟ್ರೋಲು ಎಳೆಯುವ ಪಂಪಿನೊಳಗೆ, ಪೆಟ್ರೋಲು ಆವಿಯಾಗುತ್ತದೆ, ಪಂಪು ಆವಿಯನ್ನೇ ಒತ್ತುತ್ತ ಕೂರುತ್ತದೆ, ಕಾರ್ಬೊರೇಟರಿಗೆ ಪೆಟ್ರೋಲು ಹೋಗುವುದಿಲ್ಲ. ಪಂಪಿಗೆ ಒದ್ದೆ ಬಟ್ಟೆ ಸುತ್ತಿದರೆ ಆವಿ ಮತ್ತೆ ಪೆಟ್ರೋಲಾಗುತ್ತದೆ. ಇದು ಸುಳ್ಳಲ್ಲ, ನಿಜವಾಗಿ ಆಗುವಂಥದ್ದೇ. ನಾನೂ ಸುತ್ತಿದೆ. ಇಪ್ಪತ್ತು ನಿಮಿಷಕ್ಕೆ ಗಾಡಿ ಚಾಲೂ ಆಯಿತು. ರೋಗ ಸಿಕ್ಕಿತು ಎಂದು ಕುಣಿದೆ. ಆದರೆ ಬಟ್ಟೆ ಸುತ್ತದಿದ್ದಾಗಲೂ ಇಪ್ಪತ್ತೇ ನಿಮಿಷಕ್ಕೆ ಚಾಲೂ ಆಗುತ್ತಿತ್ತಲ್ಲ! ಇದು ತಲೆಗೆ ಹೋಗಲು ಮತ್ತೆರಡು ಸಲ ಘಟ್ಟದಲ್ಲಿ ನಿಲ್ಲಬೇಕಾಯಿತು. ಕಾದರೆ ಪಂಪೂ ತಣಿಯುತ್ತದೆ, ಕಾಯಿಲೂ ತಣಿಯುತ್ತದೆ, ಕಂಡೆನ್ಸರೂ ತಣಿಯುತ್ತದೆ. ಯಾವುದು ತಣಿದು ಗಾಡಿ ಎದ್ದಿತು ಎಂದು ಹೇಳುವುದು ಹೇಗೆ? ನೋಡುವುದಿದ್ದರೆ ಗಾಡಿ ಸತ್ತುಬಿದ್ದಿರುವ ಆ ಇಪ್ಪತ್ತು ನಿಮಿಷದೊಳಗೇ ನೋಡಬೇಕು, ಒಂದು ಸಲಕ್ಕೆ ಒಂದನ್ನೇ ತಣಿಸಬೇಕು.

ಹಾಗಾಗಿ ಏಪ್ರಿಲಿನಲ್ಲಿ ಕುಮಟೆಗೆ ಹೋಗುವಾಗ ತಯಾರಾಗಿ ಹೋದೆ. ನೆಪಕ್ಕೆ ಅಕ್ಕನ ಮನೆಯ ಉಪನಯನಕ್ಕೆ ಸಿಹಿ ಈರುಳ್ಳಿ ತರುವುದು. ಡಿಕ್ಕಿಯಲ್ಲಿ ಒಂದು ಹೊಸ ಪ್ಲಗ್ಗು, ಹೊಸ ಕಂಡೆನ್ಸರ್, ಎರಡು ವೈರ್ ಕಟ್ಟಿದ 12 ವೋಲ್ಟಿನ ಬಲ್ಬು, ಪ್ಲಗ್ ಪಾನಾ, ಐದು ಲೀಟರ್ ನೀರು, ಹಳೆ ಪಂಚೆಯ ತುಂಡು. ಜೊತೆಗೆ ಅಳಿಯ, ಅಕ್ಕನ ಮಗ. ಈರುಳ್ಳಿಯನ್ನು ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗು ಹಾಕಿರುತ್ತಾರಲ್ಲ, ಹಿಂದಿನ ಸೀಟು ತುಂಬುವಷ್ಟು ತೆಗೆದುಕೊಂಡೆವು. ಮಧ್ಯಾಹ್ನ ಎರಡು ಗಂಟೆಗೆ, ಬೇಕೆಂದೇ ಉರಿಬಿಸಿಲಲ್ಲಿ, ಹೊರಟೆವು.

ಗಾಡಿ ಮೋಸ ಮಾಡಲಿಲ್ಲ. ಅದೇ ಜಾಗದ ಸುಮಾರಿಗೆ ಮುಗ್ಗರಿಸಿ ನಿಂತಿತು. "ಮತ್ತೆ ನಿಂತ್ಕಂತಾ ಮಾವ?" ಎಂದು ಅಳಿಯ ಬೇಜಾರಿನಲ್ಲಿ ಕೇಳಿದರೆ ನನಗೆ ಖುಷಿ.

ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದೆ. ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದ್ದರೆ ಉಸ್ ಎಂದು ಗಾಳಿ ಎಳೆದುಕೊಳ್ಳುವ ಸದ್ದು ಬರಬೇಕು. ಬರಲಿಲ್ಲ. ಆಮೇಲೆ ಬೋನೆಟ್. ರೇಡಿಯೇಟರ್ ಕುದಿಯುತ್ತಿರಲಿಲ್ಲ. ಬಿಸಿಗೆ ನಿಲ್ಲುತ್ತದೆ ಎಂದರೆ ಎಂಜಿನ್ ಕಾವೇರಿದೆ ಎಂದೇ ಅರ್ಥವಲ್ಲ. ಎಂಜಿನ್ನಿಗೆ ಸಹಜವಾದ ಬಿಸಿಯೇ ಯಾವುದೋ ಒಂದು ಸಾಮಾನಿಗೆ ತಡೆಯದೆ ಹೋಗಿರಬಹುದು. ಒಂದು ಪ್ಲಗ್ಗು ಬಿಚ್ಚಿ ಮೂಗಿಗೆ ಹಿಡಿದೆ. ತುದಿ ಒದ್ದೆ, ಪೆಟ್ರೋಲಿನ ಘಮ. ಪೆಟ್ರೋಲು ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಎರಡು ತಿಂಗಳು ಒದ್ದೆ ಬಟ್ಟೆ ಉಡಿಸಿಕೊಂಡ ಎಸಿ ಪಂಪು ಅಲ್ಲಿಗೆ ನಿರ್ದೋಷಿ.

ಬಿಚ್ಚಿದ ಪ್ಲಗ್ಗನ್ನು ಮತ್ತೆ ಕೂರಿಸಿ ಬಿಗಿ ಮಾಡಿದೆ. ತೂತು ತೆರೆದಿಟ್ಟು ಕಿಡಿ ಹಾರಿಸಿದರೆ ಪೆಟ್ರೋಲಿನ ಆವಿಗೆ ಬೆಂಕಿ ಹತ್ತೀತು. ಕಾಯಿಲಿನಿಂದ, ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ನಡುವಿಗೆ ಬರುವ ದಪ್ಪ ವೈರನ್ನು ಕಿತ್ತು ತುದಿಗೆ ಹೊಸ ಪ್ಲಗ್ಗು ಸಿಕ್ಕಿಸಿ, ಪ್ಲಗ್ಗಿನ ಮೈ ಎಂಜಿನ್ನಿನ ಕಬ್ಬಿಣಕ್ಕೆ ತಾಗುವ ಹಾಗೆ ಇಟ್ಟೆ. ಕೈಯಲ್ಲಿ ಹಿಡಿಯಬಾರದು, ಹೊಡೆತ ಜೋರಿರುತ್ತದೆ. ಅಳಿಯ ಸೆಲ್ಫ್ ಹೊಡೆದ. ಬಗ್ಗಿ ಬಾನೆಟ್ಟಿನ ನೆರಳಲ್ಲಿ ನೋಡಿದರೆ ಒಮ್ಮೆ ಕೆಂಪಗೆ ಕೂದಲೆಳೆಯಷ್ಟು ಮಿಣುಕಿತು, ಆಮೇಲೆ ಅದೂ ಇಲ್ಲ. ಸರಿಯಿದ್ದರೆ ನೀಲಿ ಬಣ್ಣದಲ್ಲಿ ಚಟ್ ಚಟ್ ಎಂದು ಹಾರಬೇಕು.

ಈಗ ಬಲ್ಬು. ಒಂದು ವೈರ್ ಬಾಡಿಗೆ, ಇನ್ನೊಂದು ಕಾಯಿಲಿನ ಪ್ಲಸ್ಸಿಗೆ. ಕೀ ಆನ್ ಮಾಡಿದರೆ ಚೆನ್ನಾಗಿ ಉರಿಯಿತು, ಅಂದರೆ ಬ್ಯಾಟರಿಯಿಂದ ಕರೆಂಟು ಬರುತ್ತಿದೆ. ಮೈನಸ್ಸಿಗೆ ಹಿಡಿದು ಸೆಲ್ಫ್ ಹೊಡೆಸಿದರೆ ಮಿಣಮಿಣ ಕಣ್ಣು ಹೊಡೆಯಿತು, ಅಂದರೆ ಪಾಯಿಂಟು ತೆರೆದು ಮುಚ್ಚುತ್ತಿದೆ. ಉಳಿದದ್ದು ಇಬ್ಬರು, ಕಂಡೆನ್ಸರ್ ಮತ್ತು ಕಾಯಿಲ್. ಹಳೆ ಕಂಡೆನ್ಸರಿನ ವೈರ್ ಬಿಡಿಸಿ ಹೊಸದನ್ನು ಮೈನಸ್ಸಿಗೂ ಬಾಡಿಗೂ ಕಟ್ಟಿದೆ. "ಕಿಡಿ ಬತ್ತಾ ಇಲ್ಲೆ ಮಾವ," ಈ ಸಲ ಬಗ್ಗಿ ನೋಡಿದವ ಅಳಿಯ, ಸೆಲ್ಫ್ ಹೊಡೆದವ ನಾನು.

ಕಾಯಿಲಿಗೆ ಬೆರಳು ತಾಗಿಸಿದರೆ ದೋಸೆ ಕಾವಲಿ. ಕೀ ಆಫ್ ಮಾಡಿ, ಪಂಚೆ ತುಂಡನ್ನು ನೀರಲ್ಲಿ ಅದ್ದಿ ಕಾಯಿಲಿಗೆ ಮಾತ್ರ ಸುತ್ತಿದೆ. ಮೇಲಿನ ಟರ್ಮಿನಲ್ಲಿಗೆ ನೀರು ತಾಗದ ಹಾಗೆ, ಡಬ್ಬಿಯ ಮೈಗೆ ಅಷ್ಟೇ. ಬಿಸಿಯಾದ ಬಟ್ಟೆ ತೆಗೆದು ಮತ್ತೆ ಅದ್ದಿ ಸುತ್ತುವುದು, ಹೀಗೇ ಐದಾರು ಸಲ. ಏಳು ನಿಮಿಷಕ್ಕೆ ಪ್ಲಗ್ಗಿನಲ್ಲಿ ನೀಲಿ ಕಿಡಿ ಹಾರಿತು. ವೈರನ್ನು ಸ್ವಸ್ಥಾನಕ್ಕೆ ಸಿಕ್ಕಿಸಿ ಸೆಲ್ಫ್ ಹೊಡೆದರೆ ಎಂಜಿನ್ ಚಾಲೂ. ಪಂಪು ಆಗಲೂ ಕೈ ಇಡಲಾಗದಷ್ಟು ಬಿಸಿಯಿತ್ತು.

ಮನೆಗೆ ಬಂದು ಕಾಯಿಲ್ ಬಿಚ್ಚಿ ಮಲ್ಟಿಮೀಟರ್ ಹಿಡಿದೆ. ತಣ್ಣಗಿದ್ದಾಗ ಪ್ಲಸ್ಸು-ಮೈನಸ್ಸಿನ ನಡುವೆ 3.1 ಓಮ್, ಪ್ಲಸ್ಸಿಗೂ ನಡುವಿನ ದಪ್ಪ ವೈರಿನ ಗೂಡಿಗೂ 8.4 ಕಿಲೋ ಓಮ್. ನೋಡಿದರೆ ಆರೋಗ್ಯವಂತ. ಹೀಗೆ ಮೇಜಿನ ಮೇಲಿಟ್ಟು ಅಳೆದು ಕಾಯಿಲ್ ಸರಿಯಿದೆ ಎಂದು ಹೇಳುವವರನ್ನು ದೂರುವಂತಿಲ್ಲ. ನಾನು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ವೈರುಗಳನ್ನು ಹೊರಗೆ ಬಿಟ್ಟು, ಬಚ್ಚಲ ಹಂಡೆಯ ಬಿಸಿನೀರಲ್ಲಿ ಅರ್ಧ ತಾಸು ಇಳಿಬಿಟ್ಟೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, ಏನೂ ಹೇಳದೆ ಹೋದಳು. 3.1 ಇದ್ದದ್ದು 3.7 ಆಯಿತು. ಅದು ಸರಿಯೇ, ತಾಮ್ರ ಕಾದರೆ ರೆಸಿಸ್ಟೆನ್ಸ್ ಏರುತ್ತದೆ, ಡಿಗ್ರಿಗೆ ಶೇಕಡಾ 0.4ರ ಹತ್ತಿರ. ಆ ಲೆಕ್ಕಕ್ಕೆ 8.4 ಇದ್ದದ್ದು 10ಕ್ಕೆ ಬರಬೇಕಿತ್ತು. 9ರ ಮೇಲೆ ಏರುತ್ತ ಹೋಗಿ ಒಮ್ಮೆಗೇ ಮೀಟರಿನ ಎಡತುದಿಯಲ್ಲಿ ಬರೀ 1, ಅಂದರೆ ಕರೆಂಟಿನ ದಾರಿಯೇ ಕಡಿದಿದೆ. ಒಳಗಿನ ಸಪೂರ ತಂತಿ ಎಲ್ಲೋ ಬಿಟ್ಟಿದೆ. ತಣಿದಾಗ ತುದಿಗಳು ತಾಗಿಕೊಳ್ಳುತ್ತವೆ, ಕಾದು ಹಿಗ್ಗಿದಾಗ ದೂರಾಗುತ್ತವೆ. ನನ್ನ ಅದೃಷ್ಟಕ್ಕೆ ಇದು ಮೀಟರಿನಲ್ಲಿ ಕಂಡಿತು. ಇನ್ಸುಲೇಷನ್ ಹೋದ ಕಾಯಿಲಾಗಿದ್ದರೆ ಬಿಸಿಯಲ್ಲೂ ಮೀಟರಿಗೆ ಸಿಗದೆ ತಪ್ಪಿಸಿಕೊಳ್ಳಬಹುದು. ಹಾಗಾಗಿ ಘಟ್ಟದಲ್ಲಿ ನೋಡಿದ ಕಿಡಿಯೇ ದೊಡ್ಡ ಸಾಕ್ಷಿ.

ಹೊಸ ಕಾಯಿಲ್ ತರುವಾಗಲೂ ಮೀಟರ್ ಕಿಸೆಯಲ್ಲಿತ್ತು. ಅಂಗಡಿಯವರು ಮೊದಲು ಕೊಟ್ಟದ್ದು 1.5 ಓಮಿನದು. "ಎಲ್ಲಾ ಒಂದೇ ಸರ್, ಹಾಕಿ" ಎಂದರು. ಒಂದೇ ಅಲ್ಲ. ಅದು ಹೊರಗೆ ಬೇರೆ ರೆಸಿಸ್ಟರ್ ಇರುವ ಗಾಡಿಗೆ. ನನ್ನ ಗಾಡಿಗೆ ಹಾಗೇ ಹಾಕಿದರೆ 4 ಆಂಪಿಯರ್ ಹರಿಯುವಲ್ಲಿ 8 ಹರಿದು ಪಾಯಿಂಟು ಕರಕಲಾಗುತ್ತದೆ, ಕಾಯಿಲ್ ಮತ್ತೆ ಬೇಯುತ್ತದೆ. ಮೂರನೇ ಡಬ್ಬಿ 3.2 ತೋರಿಸಿತು, ಅದನ್ನೇ ತಂದೆ.

ಹಳೆಯದು ಬೆಂದದ್ದೇಕೆ ಎನ್ನುವುದಕ್ಕೆ ನನ್ನ ಅನುಮಾನ ನನ್ನ ಮೇಲೆಯೇ. ಕೀ ಆನ್ ಇದ್ದರೆ ಮಾತ್ರ ಹಾಡುವ ಹಾಗೆ ಟೇಪಿಗೆ ವೈರ್ ಮಾಡಿಸಿದವ ನಾನು. ಪೇಟೆಯಲ್ಲಿ ನಾನು ಸಾಮಾನು ತರುವ ತನಕ ಅಳಿಯ ಕೀ ಆನ್ ಮಾಡಿ ಹಾಡು ಕೇಳುತ್ತ ಕೂರುತ್ತಿದ್ದ. ಎಂಜಿನ್ ನಿಂತಾಗ ಪಾಯಿಂಟು ಮುಚ್ಚಿಕೊಂಡಿದ್ದರೆ ಆ 4 ಆಂಪಿಯರ್ ಬಿಡದೆ ಹರಿಯುತ್ತಲೇ ಇರುತ್ತದೆ, ಸುಮಾರು 48 ವ್ಯಾಟಿನ ಒಲೆ ಅದು. ಕೀ ಆನ್ ಮಾಡದೆಯೂ ಹಾಡುವ ಹಾಗೆ ಟೇಪಿನ ವೈರನ್ನು ಬೇರೆ ಫ್ಯೂಸಿಗೆ ಕೊಟ್ಟೆ.

ಕಾರ್ಬೊರೇಟರಿಲ್ಲದೆ ಕಂಪ್ಯೂಟರಿನ ಲೆಕ್ಕದಲ್ಲಿ ಪೆಟ್ರೋಲು ಚಿಮ್ಮಿಸುವ ಇಂಜೆಕ್ಷನ್ ಗಾಡಿಯವರು ನಕ್ಕು ಮುಂದೆ ಹೋಗಬೇಡಿ. ನಿಮ್ಮಲ್ಲಿ ಇದೇ ಆಟ ಆಡುವುದು, ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್. ಅನೇಕ ಗಾಡಿಗಳಲ್ಲಿ ಅದರೊಳಗೂ ಇಂಥದೇ ಸಪೂರ ತಂತಿಯ ಸುರುಳಿ ಇರುತ್ತದೆ. ನಿಂತ ಮೇಲೆ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸೊನ್ನೆಯಿಂದ ಅಲುಗದಿದ್ದರೆ ಅದರ ಮೇಲೆ ಗುಮಾನಿ ಇಡಿ. ಸ್ಕ್ಯಾನರಿನಲ್ಲಿ ಕೋಡ್ ಬಂದಿಲ್ಲ ಎಂದ ಮಾತ್ರಕ್ಕೆ ಅದು ಪಾರಾಗುವುದಿಲ್ಲ. ಮಾಡಬೇಕಾದದ್ದು ಇಷ್ಟೇ, ಅದೊಂದನ್ನೇ ತಣಿಸಿ ನೋಡುವುದು.

ಹೊಸ ಕಾಯಿಲ್ ಹಾಕಿದ ಮೇಲೆ ಮೇ ತಿಂಗಳಲ್ಲಿ ಮೂರು ಸಲ ಘಟ್ಟ ಹತ್ತಿದೆ, ಒಮ್ಮೆ ಐದು ಜನ ತುಂಬಿಕೊಂಡು. ಎಲ್ಲೂ ನಿಲ್ಲಲಿಲ್ಲ. ಎಂಜಿನ್ ಬಿಸಿಯಿದ್ದಾಗ ಐಡಲಿಂಗ್ ಮಾತ್ರ ಇನ್ನೂ ಸ್ವಲ್ಪ ಓಲಾಡುತ್ತದೆ. ಕಾರ್ಬೊರೇಟರಿನ ಥ್ರಾಟಲ್ ಕಂಬಿ ಸವೆದು ಪಕ್ಕದಿಂದ ಗಾಳಿ ಎಳೆಯುತ್ತಿದೆ. ಅದನ್ನು ಬುಷ್ ಹಾಕಿಸಬೇಕು, ಮಳೆ ಹಿಡಿದು ಗಾಡಿ ಶೆಡ್ಡು ಸೇರಿದ ಮೇಲೆ.