ತೋಟದ ಕಳ್ಳತನದ ಸರ್ವೆ: ಹಳೇ ಘಟನೆ ನುಸುಳದಂತೆ ಮಾಡಿದ್ದು ಹೀಗೆ

ಸಕಲೇಶಪುರದ ಕಡೆ ಕಾಫಿ, ಮೆಣಸಿನ ಕಳ್ಳತನದ ಸರ್ವೆ. 'ಕಳೆದ 6 ತಿಂಗಳಲ್ಲಿ' ಎಂದು ಕೇಳಿದರೂ ಅದಕ್ಕಿಂತ ಹಳೆಯವು ಲೆಕ್ಕಕ್ಕೆ ಸೇರುತ್ತಿದ್ದವು. ಇದಕ್ಕೆ ಟೆಲಿಸ್ಕೋಪಿಂಗ್ ಅನ್ನುತ್ತಾರೆ.

ತಾರೀಖು ಕೇಳಿದರೆ ಅಂದಾಜು ಹೇಳಿದರು. ಎಫ್‌ಐಆರ್ ಜೊತೆ ತಾಳೆ ನೋಡೋಣ ಅಂದರೆ ಜಾಸ್ತಿ ಜನ ದೂರೇ ಕೊಟ್ಟಿರಲಿಲ್ಲ. ಸ್ಯಾಂಪಲ್ ಹೆಚ್ಚಿಸಿದ್ದು ಸುಮ್ನೆ ದಂಡ. ತಪ್ಪು ಒಂದೇ ಕಡೆ ವಾಲಿದ್ದರೆ ಜನ ಜಾಸ್ತಿಯಾದರೂ ಸರಿಹೋಗುವುದಿಲ್ಲ, ಅಲ್ವಾ?

ಕೈ ಹಿಡಿದದ್ದು ಗುರುತಿನ ದಿನ, ಅಂದರೆ ಎಲ್ಲರಿಗೂ ನೆನಪಿರುವ ದಿನ. ಹಾಸನಾಂಬೆ ಗುಡಿ ವರ್ಷಕ್ಕೊಮ್ಮೆ, ದೀಪಾವಳಿ ಆಸುಪಾಸಿನಲ್ಲಿ ಮಾತ್ರ ತೆರೆಯುತ್ತದೆ. ಸರ್ವೆಯನ್ನು ಏಪ್ರಿಲ್-ಮೇಗೆ ಇಟ್ಟರೆ ಅಲ್ಲಿಂದ ಸುಮಾರು 6 ತಿಂಗಳು. ಅಪರಾಧಕ್ಕೆ ಒಳಗಾದವರ ಬಗ್ಗೆ ಅಮೆರಿಕದಲ್ಲಿ ನಡೆಯುವ ರಾಷ್ಟ್ರೀಯ ಸರ್ವೆ ಎನ್‌ಸಿವಿಎಸ್ ಕೂಡ ಕೇಳುವುದು ಕಳೆದ 6 ತಿಂಗಳದ್ದನ್ನೇ. ಮೊದಲು 'ಯಾವತ್ತಾದರೂ ಕಳ್ಳತನ ಆಗಿದೆಯಾ?' ಎಂದು ಕೇಳಿ ಎಲ್ಲವನ್ನೂ ಹೇಳಿಸಿ. ಆಮೇಲೆ ಒಂದೊಂದಕ್ಕೂ 'ಹಾಸನಾಂಬೆ ಬಾಗಿಲು ಹಾಕುವ ಮೊದಲೋ, ಆಮೇಲೋ?'. ಆಮೇಲೆ ಅಂದರೆ ಮಾತ್ರ 'ಕಾಫಿ ಕುಯ್ಲಿನಲ್ಲೋ, ಮೆಣಸು ಕುಯ್ಲಿನಲ್ಲೋ?'. ನಷ್ಟದ ಮೊತ್ತ ಕೊನೆಗೆ. ಮೊದಲೇ ಕೇಳಿದರೆ ಮಾತು ಮಾರ್ಕೆಟ್ ರೇಟಿಗೆ ತಿರುಗುತ್ತದೆ.