ತಾಯಿ ಮತ್ತೆ ನಕ್ಕಾಗ

ಪ್ರತಿ ಮನೆಗೂ ಎರಡು ಸಲ ಹೋಗುತ್ತಿದ್ದೆ. ತಾಯಿ ಬಸುರಿಯಾಗಿದ್ದಾಗ ಒಮ್ಮೆ, ಮಗುವಿಗೆ ಆರು ತಿಂಗಳಾದಾಗ ಇನ್ನೊಮ್ಮೆ. ಮನಸ್ಸು ಕಲಕಿದಾಗ ಇಬ್ಬರೂ ಹೇಗೆ ಸಮಾಧಾನಕ್ಕೆ ಬರುತ್ತಾರೆ ಅನ್ನೋದೇ ನನ್ನ ಅಧ್ಯಯನ.

ಮೊದಲ ಭೇಟಿಯಲ್ಲಿ ಎದೆಗೆ ಎಲೆಕ್ಟ್ರೋಡ್ ಅಂಟಿಸಿ, ಐದು ನಿಮಿಷ ಸುಮ್ನೆ ಕೂರಿಸಿ ಎದೆಬಡಿತ ದಾಖಲಿಸುತ್ತಿದ್ದೆ. ಬಸುರಿನಲ್ಲಿ ಬಡಿತ ಹೇಗೂ ಜಾಸ್ತಿಯಾಗುತ್ತದೆ. ಎಷ್ಟನೇ ವಾರ ಅಂತ ಬರೆದುಕೊಳ್ಳದಿದ್ದರೆ ಅದನ್ನೇ ಆತಂಕ ಅಂತ ತಪ್ಪು ತಿಳಿಯುತ್ತೇವೆ.

ಆಮೇಲೆ ಬಸುರಿ-ಬಾಣಂತಿಯರಲ್ಲಿ ಖಿನ್ನತೆಯ ಲಕ್ಷಣ ಗುರುತಿಸುವ ಎಡಿನ್‌ಬರೋ ಪ್ರಶ್ನಾವಳಿ. ಕಳೆದ 7 ದಿನಗಳ ಬಗ್ಗೆ 10 ಪ್ರಶ್ನೆ. ಶುರುವಿನಲ್ಲಿ ಅದನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಬರುತ್ತಿದ್ದೆ. ಒಂದು ಸಂಜೆ ಅಂಕ ಕೂಡಿಸಲು ಕುಳಿತಾಗ, ಕೊನೆಯ ಪ್ರಶ್ನೆಗೆ ಒಬ್ಬರು 'ಹೌದು' ಅಂತ ಗುರುತು ಹಾಕಿದ್ದು ಕಂಡಿತು. ಅದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಪ್ರಶ್ನೆ. ಕೂಡಲೇ ಫೋನ್ ಮಾಡಿದೆ, ಆಪ್ತಸಮಾಲೋಚಕರನ್ನು ಮಾತಾಡಿಸಿದೆ. ಅಂದಿನಿಂದ ಆ ಉತ್ತರ ನೋಡದೆ ಯಾವ ಮನೆಯಿಂದಲೂ ಎದ್ದಿಲ್ಲ.

ಎರಡನೇ ಭೇಟಿಯ ಸಮಯ ನಾನು ಹೇಳಿದ್ದಲ್ಲ, ಮಗು ಹೇಳಿದ್ದು. ಹೊಟ್ಟೆ ತುಂಬಿರಬೇಕು, ನಿದ್ದೆ ಆಗಿರಬೇಕು. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ರೂಪಿಸಿದ 'ಸ್ಟಿಲ್ ಫೇಸ್' (ನಿಶ್ಚಲ ಮುಖ) ಪ್ರಯೋಗ ಮಾಡುತ್ತಿದ್ದೆವು. ತಾಯಿ ಎರಡು ನಿಮಿಷ ಆಡಿಸುತ್ತಾರೆ. ಮುಂದಿನ ಎರಡು ನಿಮಿಷ ಮಾತಿಲ್ಲ, ಮುಟ್ಟುವಂತಿಲ್ಲ, ಮುಖದಲ್ಲಿ ಭಾವನೆಯೂ ಇಲ್ಲ. ಆಮೇಲೆ ಮತ್ತೆ ಆಟ. ಮಗು ಮೊದಲು ನಗುತ್ತದೆ, ಕೂಗಿ ಕರೆಯುತ್ತದೆ. ತಾಯಿ ಓಗೊಡದಿದ್ದರೆ ಮುಖ ತಿರುಗಿಸುತ್ತದೆ, ಬೆರಳು ಚೀಪುತ್ತದೆ. ತನ್ನನ್ನು ತಾನೇ ಸಂತೈಸಿಕೊಳ್ಳುವ ದಾರಿಗಳು ಅವು. ಜೋರಾಗಿ ಅತ್ತರೆ ಅಲ್ಲಿಗೇ ನಿಲ್ಲಿಸುತ್ತಿದ್ದೆವು.

ಮನೆ ಅಂದಮೇಲೆ ಫೋನ್ ರಿಂಗಾಗುತ್ತದೆ, ಯಾರೋ ಬಾಗಿಲು ತಟ್ಟುತ್ತಾರೆ. ಎಷ್ಟನೇ ಸೆಕೆಂಡಿಗೆ ಏನಾಯಿತು ಅಂತ ಬರೆದಿಡುತ್ತಿದ್ದೆ. ವಿಡಿಯೋ ನೋಡಿ ವರ್ತನೆಗಳನ್ನು ಹಾಳೆಯಲ್ಲಿ ಗುರುತು ಹಾಕುವವರಿಗೆ ಪ್ರಶ್ನಾವಳಿಯಲ್ಲಿ ತಾಯಿಯ ಅಂಕ ಎಷ್ಟೆಂದು ಹೇಳುತ್ತಿರಲಿಲ್ಲ.

ಮೊದಮೊದಲು ಮಗು ಎಷ್ಟು ಅತ್ತಿತು ಅಂತಲೇ ಲೆಕ್ಕ ಹಾಕುತ್ತಿದ್ದೆ. ಕೊನೆಯ ಎರಡು ನಿಮಿಷದಲ್ಲೇ ಹೆಚ್ಚು ವಿಷಯವಿದೆ ಅಂತ ನಿಧಾನಕ್ಕೆ ಗೊತ್ತಾಯಿತು. ತಾಯಿ ಮರಳಿದರೂ ಕೆಲವು ಮಕ್ಕಳು ಮುನಿಸಿನಲ್ಲೇ ಇರುತ್ತವೆ. "ನನ್ನಿಂದ ಏನಾದ್ರೂ ತಪ್ಪಾಯ್ತಾ?" ಅಂತ ಒಬ್ಬರು ಕೇಳಿದರು. ಇಲ್ಲಮ್ಮಾ, ನೀವು ಬೇಕು ಅಂತಾನೇ ಅದು ಅತ್ತಿದ್ದು ಅಂದೆ. ಆಮೇಲೆ ಅವರದೇ ವಿಡಿಯೋ ನೋಡಿದೆ. ಮಗುವಿನ ಕಡೆ ಬಾಗುವ ಮೊದಲು ಆಕೆ ಕಣ್ಣು ಮುಚ್ಚಿ ಒಂದು ದೀರ್ಘ ಉಸಿರು ತೆಗೆದುಕೊಂಡಿದ್ದರು. ನಮ್ಮ ಹಾಳೆಯಲ್ಲಿ ಅದನ್ನು ಗುರುತಿಸಲು ಕಾಲಂ ಇರಲಿಲ್ಲ. ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದುಕೊಂಡೆ.