ಐಸೋಲೇಷನ್ ವಾರ್ಡಿಗೆ ವೈಪರ್ ಮೋಟರ್ ಗಾಡಿ: ನನ್ನ ಅನುಭವ

ಐಸೋಲೇಷನ್ ವಾರ್ಡಿನ ರೋಗಿಗಳಿಗೆ ಊಟ, ಔಷಧ ತಲುಪಿಸಲು ಕಾರಿನ ವೈಪರ್ ಮೋಟರಿನಿಂದ ಒಂದು ರಿಮೋಟ್ ಗಾಡಿ ಮಾಡಿದ್ದೆ. ಇದು ಆಟಿಕೆ, ಒಂದು ವಾರವೂ ಬಾಳಿಕೆ ಬರಲಿಕ್ಕಿಲ್ಲ ಎಂದು ಕೆಲವರು ಹೇಳಿದ್ದರು. ಮಂಗಳೂರಿನ ಎರಡು ಮಳೆಗಾಲ ದಾಟಿ ಗಾಡಿ ಇನ್ನೂ ಓಡುತ್ತಿದೆ, ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಗಂಜಿ, ಮಾತ್ರೆ, ನೀರು, ವಿಡಿಯೋ ಕಾಲ್‌ಗೆ ಒಂದು ಟ್ಯಾಬ್, ಎಲ್ಲ ಸೇರಿ ಸುಮಾರು 12 ಕೆ.ಜಿ. ಇದಿಷ್ಟು ಹಾಸಿಗೆಯವರೆಗೆ ತಲುಪಿದರೆ ನರ್ಸ್ ಪಿಪಿಇ ಹಾಕಿ ಒಳಹೋಗುವ ಸರದಿ ಅಷ್ಟು ಕಡಿಮೆ. 2018ರಲ್ಲಿ ಕೋಳಿಕ್ಕೋಡಿನಲ್ಲಿ ನಿಫಾ ರೋಗಿಯನ್ನು ನೋಡಿಕೊಂಡ ನರ್ಸ್ ತೀರಿಕೊಂಡದ್ದು ಇಲ್ಲಿಗೆ ದೂರದ ಸುದ್ದಿಯಲ್ಲ.

ಮೊದಲು ಲೈನ್ ಫಾಲೋವರ್, ಅಂದರೆ ನೆಲಕ್ಕೆ ಅಂಟಿಸಿದ ಟೇಪಿನ ಗೆರೆ ಹಿಡಿದು ತಾನೇ ಓಡುವ ಗಾಡಿ, ಮಾಡಿದೆ. ದಿನಕ್ಕೆ ಮೂರು ಸಲ ನೆಲ ಒರೆಸುವಲ್ಲಿ ಟೇಪ್ ನಾಲ್ಕನೇ ದಿನಕ್ಕೇ ಎದ್ದುಬಂತು. ಆಮೇಲೆ ವೈಫೈಯಲ್ಲಿ ಓಡಿಸಿದೆ, ಮುರಕಲ್ಲಿನ ದಪ್ಪ ಗೋಡೆಯಾಚೆ ಸಿಗ್ನಲ್ ತಡವಾಗಿ ಗಾಡಿ ಮಂಚಕ್ಕೆ ಗುದ್ದಿತು. ಈಗ ಫ್ಲೈಸ್ಕೈ ಕಂಪನಿಯ ರೇಡಿಯೋ ರಿಮೋಟ್. ಫೇಲ್‌ಸೇಫ್ ಸೆಟ್ ಮಾಡದೆ ಓಡಿಸಬೇಡಿ. ಸಿಗ್ನಲ್ ಹೋದ ಕೂಡಲೇ ಗಾಡಿ ನಿಲ್ಲಲೇಬೇಕು.

ಹೆಚ್ಚು ದುಡ್ಡು ಹೋದದ್ದು ಮೋಟರಿಗೆ. ಗುಜರಿಯ ಕಾರ್ ವೈಪರ್ ಮೋಟರುಗಳಲ್ಲಿ ಹಲವಕ್ಕೆ ಬಾಡಿಯೇ ನೆಗೆಟಿವ್, ಅಂದರೆ ಲೋಹದ ಹೊರಕವಚವೇ ನೆಗೆಟಿವ್ ತಂತಿಯ ಕೆಲಸ ಮಾಡುತ್ತದೆ. ಎರಡನ್ನೂ ಕಬ್ಬಿಣದ ಫ್ರೇಮಿಗೆ ಬಿಗಿದು ಒಂದನ್ನು ಹಿಂದಕ್ಕೆ ತಿರುಗಿಸಿದರೆ ಫ್ರೇಮಿನಲ್ಲೇ ಶಾರ್ಟ್. ಮೋಟರ್ ಓಡಿಸುವ ಮೂರು ಬಿಟಿಎಸ್7960 ಬೋರ್ಡ್ ಸುಟ್ಟ ಮೇಲೆ ತಿಳಿಯಿತು. ಸೈಕಲ್ ಟ್ಯೂಬ್ ಕತ್ತರಿಸಿ ಮೋಟರಿನ ಅಡಿಗೆ ಹಾಕಿ, ಬೋಲ್ಟಿಗೆ ನೈಲಾನ್ ಬುಷ್ ಮತ್ತು ವಾಷರ್ ಕೊಟ್ಟೆ. ಮಲ್ಟಿಮೀಟರಿನಲ್ಲಿ ಬಾಡಿಗೂ ಫ್ರೇಮಿಗೂ ಬೀಪ್ ಬರಬಾರದು. ಮೋಟರಿನ ವೇಗ ನಿಯಂತ್ರಿಸುವ ಪಿಡಬ್ಲ್ಯುಎಂ ಸಂಕೇತ ಸೊನ್ನೆಯಿಂದ ಎರಡು ಸೆಕೆಂಡಿನಲ್ಲಿ ಏರಲಿ, ಇಲ್ಲದಿದ್ದರೆ ಗಂಜಿಯೆಲ್ಲ ನೆಲಕ್ಕೆ. ಹೊಸ್ತಿಲು ದಾಟಲು 8 ಇಂಚಿನ ಚಕ್ರ ಬೇಕು, ಎಲ್ಲ ಕಡೆಗೂ ತಿರುಗುವ ಸಣ್ಣ ಚಕ್ರ (ಕ್ಯಾಸ್ಟರ್) ಸಿಕ್ಕಿಹಾಕಿಕೊಳ್ಳುತ್ತದೆ.

ಸೋಂಕು ತೊಳೆಯುವ ಕ್ಲೋರಿನ್ ದ್ರಾವಣ ಹೈಪೋಕ್ಲೋರೈಟ್‌ಗೆ ಅಲ್ಯೂಮಿನಿಯಂ ಬಿಳಿ ಪುಡಿಯಾಯಿತು, 70% ಆಲ್ಕೋಹಾಲಿಗೆ ಅಕ್ರಿಲಿಕ್ ತಟ್ಟೆ ಬಿರುಕು ಬಿಟ್ಟಿತು. ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಎರಡನ್ನೂ ತಡೆಯುತ್ತದೆ. ಸ್ಟೀಲಿನ ಮೇಲೆ ಕ್ಲೋರಿನ್ ಬಿದ್ದರೆ ಹತ್ತು ನಿಮಿಷ ಬಿಟ್ಟು ಬರೀ ನೀರಿನಲ್ಲಿ ಒರೆಸಿ. ನಮ್ಮ ಉಪ್ಪುಗಾಳಿಗೆ 304 ಸ್ಟೀಲೂ ಚುಕ್ಕೆ ಹಿಡಿಯುತ್ತದೆ. 

ನಡುವೆ ರೋಗಾಣು ಕೊಲ್ಲಲು 254 ನ್ಯಾನೋಮೀಟರ್ ಯುವಿ (ನೇರಳಾತೀತ) ಟ್ಯೂಬ್ ಕೂರಿಸಿಯೂ ನೋಡಿದೆ. ಮಂಚದ ಅಡಿಗೆ, ಹಾಸಿಗೆಯ ಮಡಿಕೆಗೆ ಬೆಳಕೇ ಬೀಳುವುದಿಲ್ಲ; ಜನ ಇರುವಾಗ ಹಚ್ಚುವಂತೆಯೂ ಇಲ್ಲ. ತೆಗೆದುಹಾಕಿದೆ.

ಗಾಡಿ ಯಾವತ್ತೂ ವಾರ್ಡಿನ ಒಳಗೇ, ಚಾರ್ಜಿಂಗೂ ಒಳಗೇ. ವಾರ್ಡಿನ ಗಡಿಯ ಹಳದಿ ಗೆರೆಯಾಚೆಯಿಂದ ಸಿಬ್ಬಂದಿ ಗಾಡಿ ಮುಟ್ಟದೆ ಅದರ ಮೇಲೆ ತಟ್ಟೆ ಇಡುತ್ತಾರೆ. 12 ವೋಲ್ಟ್ 20 ಎಎಚ್ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಲ್ಲಿ ಒಂದು ಪಾಳಿ ಸಲೀಸು. ಸುಟ್ಟದ್ದನ್ನೂ ಲೆಕ್ಕ ಹಿಡಿದರೆ ಮೊದಲ ಗಾಡಿಯ ಖರ್ಚು 30 ಸಾವಿರ ರೂಪಾಯಿಯ ಹತ್ತಿರ. ಎರಡನೆಯ ಗಾಡಿಗೆ 19 ಸಾವಿರ ಸಾಕಾಯಿತು.